ಬೂದಿಗೂ ಒಂದು ಮೀಟರ್ ಹಾಕಿಸಿ: ಇಂಧನ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಇಂಧನ ಸಚಿವರು,
ಕರ್ನಾಟಕ ಸರ್ಕಾರ,
ಬೆಂಗಳೂರು.

ವಿಷಯ: ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಬೂದಿಯ ಲೆಕ್ಕವನ್ನು ಸುತ್ತಲಿನ ಹಳ್ಳಿಗಳಿಗೆ ಕೊಡುವ ಕುರಿತು.

ಮಾನ್ಯರೇ,

ಮೊದಲಿಗೆ ನಾನು ಯಾರೆಂದು ಹೇಳಿಬಿಡುತ್ತೇನೆ. ಉತ್ತರ ಕರ್ನಾಟಕದ ಒಂದು ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಹನ್ನೊಂದು ವರ್ಷ ಗುತ್ತಿಗೆ ಕೂಲಿಯಾಗಿ ದುಡಿದವನು. ಮೊದಲ ಮೂರು ವರ್ಷ ಕಲ್ಲಿದ್ದಲು ವಿಭಾಗ, ಉಳಿದ ಎಂಟು ವರ್ಷ ಬೂದಿ ವಿಭಾಗ. ಈಗ ಮೂರೂವರೆ ಎಕರೆಯಲ್ಲಿ ಹತ್ತಿ, ತೊಗರಿ ಬೆಳೆಯುತ್ತೇನೆ. ಹೊಲದ ಬದುವಿನ ಮೇಲೆ ನಿಂತರೆ ಅದೇ ಸ್ಥಾವರದ ಚಿಮಣಿ ಕಾಣುತ್ತದೆ, ಮೂರು ಕಿಲೋಮೀಟರ್ ದೂರವೂ ಇಲ್ಲ. ಹಾಗಾಗಿ ಥರ್ಮಲ್ಲಿನ ಉಪ್ಪು ಉಂಡವನೂ ಹೌದು, ಬೂದಿ ಉಂಡವನೂ ಹೌದು. ಸ್ಥಾವರದ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ಇದು ಒಂದು ಊರಿನ ತಕರಾರಾಗಿ, ಒಂದು ಫೈಲಾಗಿ, ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾ ಹೊತ್ತು ಮತ್ತೆ ನಮ್ಮಲ್ಲಿಗೇ ಇಳಿದುಬರುತ್ತದೆ. ಅಂಥ ಮೂರು ಅರ್ಜಿಗಳ ಸ್ವೀಕೃತಿ ಚೀಟಿಗಳು ನನ್ನ ಟ್ರಂಕಿನಲ್ಲಿವೆ. ನಾಲ್ಕನೆಯದನ್ನು ಎಲ್ಲರೆದುರೇ ಬರೆಯೋಣ ಅನ್ನಿಸಿತು.

ಸ್ಥಾವರ ಮುಚ್ಚಿರಿ ಎಂದು ಕೇಳಲು ಬರೆಯುತ್ತಿಲ್ಲ. 2023ರ ಅಕ್ಟೋಬರ್ ನನಗೆ ಚೆನ್ನಾಗಿ ನೆನಪಿದೆ. ಮಳೆ ಕೈಕೊಟ್ಟು ಜಲಾಶಯಗಳು ತುಂಬಲಿಲ್ಲ, ಇದ್ದಬದ್ದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೇ ಓಡತೊಡಗಿದವು, ಏಳು ತಾಸು ಬರುತ್ತಿದ್ದ ತ್ರೀಫೇಸ್ ಕರೆಂಟು ಐದು ತಾಸಿಗೆ ಇಳಿಯಿತು. ನನ್ನ ಹತ್ತಿಗೆ ಕೊನೆಯ ನೀರು ಹಾಯಲಿಲ್ಲ. ಅಂಥ ಹೊತ್ತಿನಲ್ಲಿ ರಾಜ್ಯ ಕೈಚಾಚುವುದು ಕಲ್ಲಿದ್ದಲಿನ ಕಡೆಗೇ. ಅದು ತಮಗೂ ಗೊತ್ತು, ನಮಗೂ ಗೊತ್ತು.

ಈ ರಾಜ್ಯ ಒಂದು ಕಾಲಕ್ಕೆ ನೀರಿನಿಂದಲೇ ದೀಪ ಹಚ್ಚಿಕೊಂಡಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು, 1905ರಲ್ಲಿ ಬೆಂಗಳೂರಿಗೆ ಬೆಳಕು ಬಂತು, ಆಮೇಲೆ ಜೋಗ, ಶರಾವತಿ, ಕಾಳಿ. ಮಳೆ ಹುಸಿಹೋದ ವರ್ಷಗಳಲ್ಲಿ ರಾಜ್ಯವೇ ಕತ್ತಲಲ್ಲಿ ಕೂತಾಗ ಕಲ್ಲಿದ್ದಲಿನ ನೆನಪಾಯಿತು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಘಟಕ ಶುರುವಾಯಿತು. ಇವತ್ತು ಅಲ್ಲಿ 1720 ಮೆಗಾವ್ಯಾಟ್, ಬಳ್ಳಾರಿಯ ಕುಡತಿನಿಯಲ್ಲಿ 1700, ಯರಮರಸ್‌ನಲ್ಲಿ 1600, ಕೂಡಗಿಯಲ್ಲಿ 2400, ಕರಾವಳಿಯಲ್ಲಿ ಉಡುಪಿ ಹತ್ತಿರ 1200. ಉಡುಪಿಯದಕ್ಕೆ ಹಡಗಿನಲ್ಲಿ ವಿದೇಶಿ ಕಲ್ಲಿದ್ದಲು ಬರುತ್ತದೆ. ಮಿಕ್ಕವು ನಮ್ಮ ಬಯಲುಸೀಮೆಯಲ್ಲಿವೆ.

ಕರ್ನಾಟಕದಲ್ಲಿ ಒಂದೇ ಒಂದು ಕಲ್ಲಿದ್ದಲು ಗಣಿ ಇಲ್ಲ. ತೆಲಂಗಾಣದ ಸಿಂಗರೇಣಿ, ಒಡಿಶಾದ ಮಹಾನದಿ, ಮಹಾರಾಷ್ಟ್ರದ ಚಂದ್ರಾಪುರ, ಹೀಗೆ ಹೊರಗಿನಿಂದ ರೈಲಿನಲ್ಲಿ ಬರಬೇಕು. ಕರೆಂಟು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದಂತೂ ಈಗ ದಡ್ಡತನ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನಿನ ಮೂಲಕ ದಕ್ಷಿಣದ ಜಾಲವನ್ನು ದೇಶದ ಜಾಲಕ್ಕೆ ಜೋಡಿಸಿದ ಮೇಲೆ ಎಲ್ಲರ ಕರೆಂಟೂ ಒಂದೇ ಕೆರೆಗೆ ಬಿದ್ದ ನೀರು. ಕಲ್ಲಿದ್ದಲು ಹೊರಗಿನಿಂದ ಬರುತ್ತದೆ, ಕರೆಂಟು ಹೊರಗೆ ಹೋಗುತ್ತದೆ. ಬೂದಿ ಮಾತ್ರ ನಮ್ಮಲ್ಲಿ ನಿಲ್ಲುತ್ತದೆ.

ಎಷ್ಟು ನಿಲ್ಲುತ್ತದೆ? ಬೂದಿ ವಿಭಾಗದಲ್ಲಿ ದುಡಿದವನಿಗೆ ಈ ಲೆಕ್ಕ ಬಾಯಿಪಾಠ. ದೇಶದ ಹಳೆಯ ಸ್ಥಾವರಗಳಲ್ಲಿ ಬಹಳ ಕಡೆ ಕಾಣುವುದು 210 ಮೆಗಾವ್ಯಾಟಿನ ಘಟಕ. ಅಂಥದ್ದೊಂದು ಇಡೀ ದಿನ ಪೂರ್ತಿ ಓಡಿದರೆ ಸುಮಾರು 50 ಲಕ್ಷ ಯೂನಿಟ್ ಕರೆಂಟು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ಟಿಗೆ ಹೆಚ್ಚುಕಡಿಮೆ 700 ಗ್ರಾಂ ಬೇಕು. ಅಂದರೆ ದಿನಕ್ಕೆ 3500 ಟನ್, ಹತ್ತಿರ ಹತ್ತಿರ ಒಂದು ಗೂಡ್ಸ್ ರೈಲು. ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೂದಿಯೇ. ಶೇ 35 ಎಂದು ಹಿಡಿದರೂ ದಿನಕ್ಕೆ 1200 ಟನ್ನಿನ ಮೇಲೆ. ಮೂವತ್ತು ಟನ್ ಹಿಡಿಯುವ ಬಲ್ಕರ್ ಲಾರಿ ನಲವತ್ತು ಸಲ ತುಂಬಬೇಕು. ಒಂದು ಘಟಕಕ್ಕೆ, ಒಂದು ದಿನಕ್ಕೆ.

ಬೆಂಗಳೂರಿನವರಿಗೆ ಟನ್ನಿನ ಲೆಕ್ಕ ಮನಸ್ಸಿಗೆ ನಾಟುವುದಿಲ್ಲ. ಅವರಿಗಾಗಿ ಇನ್ನೊಂದು ಲೆಕ್ಕ. 2023ರಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲಿಲ್ಲ. ನಮ್ಮ ಮನೆಗೂ ಇಲ್ಲ, ಅದಕ್ಕೆ ಋಣಿ. ಆ ಇನ್ನೂರೂ ಯೂನಿಟ್ ಕಲ್ಲಿದ್ದಲಿನಿಂದಲೇ ಬಂದದ್ದಾದರೆ ಸುಟ್ಟ ಕಲ್ಲಿದ್ದಲು 140 ಕಿಲೋ, ಉಳಿದ ಬೂದಿ 49 ಕಿಲೋ. ಒಂದು ಸಿಮೆಂಟ್ ಚೀಲದ ತೂಕ. ನಿಜ, ಎಲ್ಲರ ಕರೆಂಟೂ ಕಲ್ಲಿದ್ದಲಿನದಲ್ಲ. ಗಾಳಿ, ಬಿಸಿಲು, ನೀರು, ಕೈಗಾದ ಅಣು ಎಲ್ಲವೂ ಅದರಲ್ಲಿ ಸೇರಿವೆ. ಆದರೂ ರಾತ್ರಿ ಎಂಟು ಗಂಟೆಗೆ ಯಾರೋ ಏಸಿ ಹಾಕಿದರೆ ನಮ್ಮ ಊರ ಮುಂದೆ ಆ ಚೀಲ ತುಂಬತೊಡಗುತ್ತದೆ ಎಂದೇ ನನಗೆ ಕಾಣುವುದು.

ಈ ಬೂದಿಯಲ್ಲಿ ಐದರಲ್ಲಿ ಒಂದು ಪಾಲು ಬಾಯ್ಲರಿನ ತಳಕ್ಕೆ ಬೀಳುತ್ತದೆ. ಉಳಿದ ನಾಲ್ಕು ಪಾಲು ಹಾರುಬೂದಿ, ಹೊಗೆಯ ಜೊತೆ ಹೊರಟುಬಿಡುವಂಥದ್ದು. ಅದನ್ನು ಹಿಡಿಯಲಿಕ್ಕೆ ಬಾಯ್ಲರಿಗೂ ಚಿಮಣಿಗೂ ನಡುವೆ ಇಎಸ್‌ಪಿ ಅಂತ ಇದೆ. ಹೊರಗಿನಿಂದ ನೋಡಿದರೆ ನಾಲ್ಕಂತಸ್ತಿನ ಕಬ್ಬಿಣದ ಡಬ್ಬಿ. ಒಳಗೆ ಸಾಲುಸಾಲು ತಗಡು, ನಡುವೆ ಹತ್ತಾರು ಸಾವಿರ ವೋಲ್ಟಿನ ತಂತಿ. ಹೊಗೆ ಹಾಯುವಾಗ ಬೂದಿ ತಗಡಿಗೆ ಅಂಟುತ್ತದೆ, ಕೆಲವು ನಿಮಿಷಕ್ಕೊಮ್ಮೆ ಸುತ್ತಿಗೆ ಬಡಿದು ಅದನ್ನು ಉದುರಿಸುತ್ತದೆ, ಉದುರಿದ್ದು ಕೆಳಗಿನ ಹಾಪರಿಗೆ, ಅಂದರೆ ಬೂದಿ ಕೂಡುವ ತೊಟ್ಟಿಗೆ. ನೈಟ್ ಶಿಫ್ಟಿನಲ್ಲಿ ಆ ಠಣ್ ಠಣ್ ಸದ್ದು ಕೇಳುತ್ತಿದ್ದರೆ ನಮಗೆ ಸಮಾಧಾನ. ನಿಂತರೆ ಕಬ್ಬಿಣದ ಸಲಾಕೆ ಹಿಡಿದು ಏಳಬೇಕು.

ಯಾಕೆಂದರೆ ಹಾಪರ್ ಖಾಲಿಯಾಗದೆ ತುಂಬುತ್ತ ಬಂದರೆ ಬೂದಿ ಮೇಲೇರಿ ತಂತಿಗೆ ಮುಟ್ಟುತ್ತದೆ. ಮುಟ್ಟಿತೋ, ಆ ಸಾಲು ಟ್ರಿಪ್. ಅಲ್ಲಿಂದ ಹಾದುಹೋಗುವ ಬೂದಿಯನ್ನು ಹಿಡಿಯುವವರಿಲ್ಲ. ಆಗ ನಮ್ಮಂಥವರು ಕೆಳಗಿನ ಕಿಂಡಿ ತೆಗೆದು ಸಲಾಕೆಯಿಂದ ಚುಚ್ಚುತ್ತೇವೆ. ಬಿಸಿ ಬೂದಿ ಮಣ್ಣಿನ ಹಾಗೆ ಬೀಳುವುದಿಲ್ಲ, ನೀರಿನ ಹಾಗೆ ಹರಿಯುತ್ತದೆ. ಒಂದು ರಾತ್ರಿ ನನ್ನ ಜೊತೆಗಾರನೊಬ್ಬನ ಬೂಟಿನೊಳಗೆ ಹರಿಯಿತು. ಬೂಟು ಕಿತ್ತಾಗ ಚರ್ಮವೂ ಕಿತ್ತು ಬಂತು. ಆಸ್ಪತ್ರೆಯ ಕಾಗದದಲ್ಲಿ ಅದು ‘ಮನೆಯಲ್ಲಿ ಆದ ಸುಟ್ಟ ಗಾಯ’ ಎಂದು ದಾಖಲಾಯಿತು. ಬರೆಸಿದವರು ಯಾರೆಂದು ಇಲ್ಲಿ ಹೇಳುವುದಿಲ್ಲ, ಆ ಗುತ್ತಿಗೆದಾರರು ಈಗ ಅಲ್ಲಿಲ್ಲ.

ನಮ್ಮೂರಲ್ಲಿ ಒಂದು ಮಾತಿದೆ: ‘ರಾತ್ರಿ ಆದ್ರ ಕರೆಂಟ್ ಉಳಿಸಾಕ ಬೂದಿ ಹಿಡಿಯೋ ಮಷೀನ್ ಬಂದ್ ಮಾಡ್ತಾರ.’ ಎಂಟು ವರ್ಷ ಆ ಮಷೀನಿನ ಅಡಿಯಲ್ಲೇ ಇದ್ದವನಾಗಿ ಹೇಳುತ್ತೇನೆ, ಬೇಕೆಂದು ಯಾರೂ ಬಂದ್ ಮಾಡಿದ್ದನ್ನು ನಾನು ನೋಡಿಲ್ಲ. ಟ್ರಿಪ್ಪಾದದ್ದನ್ನು ನೋಡಿದ್ದೇನೆ, ಟ್ರಿಪ್ಪಾದ ಸಾಲು ಎರಡು ದಿನ ಹಾಗೇ ಇದ್ದದ್ದನ್ನೂ ನೋಡಿದ್ದೇನೆ, ಲೋಡ್ ಇಳಿಸದೆ, ಅಂದರೆ ಕರೆಂಟಿನ ಉತ್ಪಾದನೆ ತಗ್ಗಿಸದೆ, ಘಟಕ ಓಡಿಸಿದ್ದನ್ನೂ ನೋಡಿದ್ದೇನೆ. ಊರಿನವರು ಗೇಟಿಗೆ ಬಂದು ಕೇಳಿದರೆ ‘ಎಲ್ಲಾ ನಾರ್ಮಲ್ ಐತಿ, ಹೋಗ್ರಿ’ ಎನ್ನುವ ಸೆಕ್ಯುರಿಟಿಯವನಿಗೂ ಒಳಗೆ ಏನಾಗಿದೆ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕಡೆ ವದಂತಿ ಹುಟ್ಟುತ್ತದೆ. ಅದಕ್ಕೆ ಊರಿನವರನ್ನು ಬೈದು ಫಲವಿಲ್ಲ.

ಇದರ ಮೇಲೆ ಈಗ ಹೊಸದೊಂದು ಸೇರಿದೆ. ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ಬೇರೆ ಕಡೆಯೂ ಬಿಸಿಲಿನ ಕರೆಂಟು ದಂಡಿಯಾಗಿ ಬರುತ್ತಿದೆ. ಬಹಳ ಒಳ್ಳೆಯದು. ಆದರೆ ಮಧ್ಯಾಹ್ನ ಬಿಸಿಲಿನ ಕರೆಂಟು ಏರಿದಾಗ ಕಲ್ಲಿದ್ದಲು ಘಟಕಗಳಿಗೆ ಇಳಿಯಿರಿ ಎನ್ನುತ್ತಾರೆ, ಸೂರ್ಯ ಮುಳುಗುತ್ತಲೇ ಏರಿರಿ ಎನ್ನುತ್ತಾರೆ. ಘಟಕಗಳು ಶೇ 40ರಷ್ಟು ಲೋಡಿಗೂ ಇಳಿಯಲು ಸಜ್ಜಾಗಬೇಕೆಂದು 2023ರಲ್ಲಿ ಕೇಂದ್ರದ ನಿಯಮವೂ ಬಂದಿದೆ. ಹಗಲೂ ರಾತ್ರಿ ಒಂದೇ ಗತಿಯಲ್ಲಿ ಓಡಲೆಂದು ಕಟ್ಟಿದ ಹಳೆಯ ಎತ್ತನ್ನು ಈಗ ರೇಸಿಗೆ ಹಚ್ಚಿದಂತಾಗಿದೆ. ಬೇಡಿಕೆ ತೀರಾ ಕಡಿಮೆಯಾದರೆ ಘಟಕವನ್ನೇ ನಿಲ್ಲಿಸುತ್ತಾರೆ, ನಾಲ್ಕು ದಿನ ಬಿಟ್ಟು ಮತ್ತೆ ಹಚ್ಚುತ್ತಾರೆ.

ತಣ್ಣಗಾದ ಬಾಯ್ಲರಿನಲ್ಲಿ ಕಲ್ಲಿದ್ದಲು ತಾನಾಗಿ ಹತ್ತಿಕೊಳ್ಳುವುದಿಲ್ಲ. ಮೊದಲು ಎಣ್ಣೆ ಉರಿಸಬೇಕು. ಆ ಎಣ್ಣೆಯ ಮಸಿ ಇಎಸ್‌ಪಿಯ ತಗಡಿಗೆ ಮೆತ್ತಿಕೊಂಡರೆ ಒಳಗೇ ಬೆಂಕಿ ಬೀಳುವ ಭಯ. ಹಾಗಾಗಿ ಎಣ್ಣೆ ನಿಲ್ಲುವ ತನಕ ಇಎಸ್‌ಪಿಗೆ ಪೂರ್ತಿ ವೋಲ್ಟೇಜ್ ಕೊಡುವುದಿಲ್ಲ. ಆ ತಾಸುಗಳಲ್ಲಿ ಚಿಮಣಿಯಿಂದ ಬರುವುದು ಕರಿಹೊಗೆ. ಅದು ಯಂತ್ರದ ಧರ್ಮ, ಯಾರ ಕೆಟ್ಟತನವೂ ಅಲ್ಲ. ಆದರೆ ಮೊದಲು ವರ್ಷಕ್ಕೆ ಕೆಲವೇ ಸಲ ಕಾಣುತ್ತಿದ್ದ ಆ ಹೊಗೆ ಈಗ ಮೇಲಿಂದ ಮೇಲೆ ಕಾಣುತ್ತದೆ. ಬಿಸಿಲಿನ ಶುದ್ಧ ಕರೆಂಟಿನ ಲೆಕ್ಕ ಓದುವಾಗ ಅದರ ಇನ್ನೊಂದು ತುದಿ ನಮ್ಮೂರಲ್ಲಿದೆ ಎಂಬುದನ್ನು ಯಾರೂ ತಮಗೆ ಹೇಳಿರಲಿಕ್ಕಿಲ್ಲ. ಬ್ಯಾಟರಿ, ನೀರನ್ನು ಮೇಲಕ್ಕೆತ್ತಿ ಕೂಡಿಡುವ ಯೋಜನೆಗಳು ಬಂದರೆ ಇದು ಕಡಿಮೆಯಾಗುತ್ತದೆ ಎನ್ನುತ್ತಾರೆ. ಅಂಥ ಒಂದನ್ನು ಶರಾವತಿ ಕಣಿವೆಯಲ್ಲಿ ಮಾಡಹೊರಟಾಗ ಅಲ್ಲಿಯವರು ಕಾಡಿಗಾಗಿ ಎದ್ದು ನಿಂತರು. ನಮ್ಮ ಬೂದಿ ತೊಲಗಲಿಕ್ಕೆ ಅವರ ಕಾಡು ಹೋಗಲಿ ಎಂದು ಕೇಳುವ ಮನಸ್ಸು ನನಗಿಲ್ಲ.

ಇನ್ನು ನನ್ನ ಹತ್ತಿಯ ವಿಷಯ.

ಹೋದ ವರ್ಷ ಪುಷ್ಯದಲ್ಲಿ ಎರಡನೇ ಬಿಡಿಸುವಿಕೆ ಮುಗಿಸಿ ಅಂಡಿಗೆ ಕಟ್ಟಿ ಪೇಟೆಗೆ ಒಯ್ದೆ. ವ್ಯಾಪಾರಿ ಅಂಡಿಗೆಯ ಹೊಟ್ಟೆಗೆ ಕೈ ಹಾಕಿ ಒಂದು ಹಿಡಿ ಹತ್ತಿ ಎಳೆದ. ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದ. ಬೆರಳು ನನ್ನ ಮುಖದ ಮುಂದೆ ಹಿಡಿದ. ಬೆರಳ ತುದಿ ಬೂದು ಬಣ್ಣ. ‘ಏನಪಾ, ಹತ್ತಿ ತಂದೀಯೋ, ವಿಭೂತಿ ತಂದೀಯೋ?’ ಎಂದ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಕ್ವಿಂಟಲ್ಲಿಗೆ 350 ರೂಪಾಯಿ ಮುರಿದ. ನನ್ನ ಹಿಂದೆ ನಿಂತಿದ್ದ ದೂರದ ಹಳ್ಳಿಯವನ ಹತ್ತಿ ನನ್ನದಕ್ಕಿಂತ ಎಳೆ ಚಿಕ್ಕದು, ಆದರೂ ಅವನಿಗೆ ಪೂರಾ ರೇಟು. ವ್ಯಾಪಾರಿಯನ್ನು ದೂರುವುದಿಲ್ಲ. ಅವನೂ ಜಿನ್ನಿಂಗ್ ಮಿಲ್ಲಿನವರಿಗೆ ಉತ್ತರ ಹೇಳಬೇಕು.

ಅವತ್ತು ಮನೆಗೆ ಬಂದವನೇ ಮಾಳಿಗೆಯ ಮೇಲೆ ಒಂದು ತಗಡು ಇಟ್ಟೆ. ಎರಡಡಿ ಉದ್ದ, ಎರಡಡಿ ಅಗಲ. ಸುತ್ತ ಬೆರಳೆತ್ತರ ಅಂಚು ಮಡಿಸಿದ್ದೆ, ಗಾಳಿಗೆ ಹಾರಬಾರದೆಂದು. ‘ನೌಕರಿ ಬಿಟ್ಟರೂ ಬೂದಿ ಬಿಡವಲ್ಲಿ ನೀವು’ ಎಂದು ನಮ್ಮಾಕೆ ಗೊಣಗಿದಳು. ಮೂವತ್ತು ದಿನ, ದಿನಾ ಸಂಜೆ ಬಣ್ಣದ ಬ್ರಶ್ಶಿನಿಂದ ಬಳಿದು ಪುಡಿಕೆ ಕಟ್ಟಿದೆ. ತಿಂಗಳು ಮುಗಿದ ಮೇಲೆ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆ. 9 ಗ್ರಾಂ. ಅಷ್ಟೇನಾ ಎಂದು ಅಕ್ಕಸಾಲಿಗ ನಕ್ಕ. ಅವನಿಗೆ ಗ್ರಾಂ ಗೊತ್ತು, ಎಕರೆ ಗೊತ್ತಿಲ್ಲ. ನಾಲ್ಕು ಚದರಡಿಗೆ 9 ಗ್ರಾಂ ಆದರೆ ಒಂದು ಎಕರೆಗೆ, ಅಂದರೆ 43,560 ಚದರಡಿಗೆ, 98 ಕಿಲೋ. ಇದರಲ್ಲಿ ರಸ್ತೆಯ ಧೂಳಿದೆ, ಕಣದ ಹೊಟ್ಟಿದೆ, ಒಪ್ಪುತ್ತೇನೆ. ಅರ್ಧ ಅದೇ ಎಂದು ಕಳೆದುಬಿಡಿ. ಉಳಿದರೂ ತಿಂಗಳಿಗೆ ಎಕರೆಗೆ ಅರ್ಧ ಕ್ವಿಂಟಲ್. ನಾನು ಡಿಎಪಿ ಗೊಬ್ಬರ ಕೂಡ ಅಷ್ಟು ಹಾಕುವುದಿಲ್ಲ.

ನನ್ನ ತಗಡು ಶಾಸ್ತ್ರೀಯವಲ್ಲ ಎಂದು ತಮ್ಮ ಇಂಜಿನಿಯರುಗಳು ಹೇಳುತ್ತಾರೆ. ಸರಿ, ಶಾಸ್ತ್ರೀಯವಾದದ್ದು ಎಲ್ಲಿದೆ ಎಂಬುದೇ ಈ ಪತ್ರದ ಪ್ರಶ್ನೆ.

ಯೂನಿಟ್ಟಿನ ಲೆಕ್ಕ ನೋಡಿ ಎಷ್ಟು ಬಿಗಿ. ಜನರೇಟರಿನಲ್ಲಿ ಮೀಟರು, ಸ್ಥಾವರದ ಸ್ವಂತ ಬಳಕೆಗೆ ಮೀಟರು, ಲೈನಿನ ಈ ತುದಿಗೆ ಮೀಟರು, ಆ ತುದಿಗೆ ಮೀಟರು. ಯಾವ ಸ್ಥಾವರ ಎಷ್ಟು ಕರೆಂಟು ಕೊಡಬೇಕೆಂದು ಹೇಳುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಕಾಲು ತಾಸಿಗೊಂದು ಲೆಕ್ಕ. ನಮ್ಮ ಗುಡಿಸಲಿನ ಗೋಡೆಯ ಮೇಲೂ ಒಂದು ಮೀಟರು. ಕಲ್ಲಿದ್ದಲಿಗೆ ವೇಬ್ರಿಡ್ಜ್, ವ್ಯಾಗನ್ನಿಗೆ ನಂಬರು. ಬೂದಿಯ ಲೆಕ್ಕ ಮಾತ್ರ ನಾವು ಕೇಳಿದಾಗ ‘ಅಂದಾಜು’ ಆಗಿಬಿಡುತ್ತದೆ.

ಕಾನೂನು ಇಲ್ಲವೆಂದಲ್ಲ. ಹಾರುಬೂದಿಯ ಬಗ್ಗೆ ಕೇಂದ್ರದ ಮೊದಲ ಅಧಿಸೂಚನೆ ಬಂದದ್ದು 1999ರಲ್ಲಿ. 2021ರ ಡಿಸೆಂಬರ್ 31ರಂದು ಬಂದ ಅಧಿಸೂಚನೆ ಇನ್ನೂ ಗಟ್ಟಿ: ಹುಟ್ಟಿದ ಬೂದಿಯನ್ನೆಲ್ಲ ಬಳಕೆಗೆ ಹಾಕಬೇಕು, ಗಡುವಿನೊಳಗೆ ಹಾಕದೆ ಉಳಿಸಿಕೊಂಡರೆ ಟನ್ನಿಗೆ 1000 ರೂಪಾಯಿ ಪರಿಸರ ಪರಿಹಾರ ಕಟ್ಟಬೇಕು, ಎಷ್ಟು ಹುಟ್ಟಿತು ಎಷ್ಟು ಹೋಯಿತು ಎಂದು ಪ್ರತಿ ತಿಂಗಳೂ ಪೋರ್ಟಲ್ಲಿಗೆ ಏರಿಸಬೇಕು. ಒಣ ಬೂದಿಗೆ ಗಿರಾಕಿಗಳೂ ಇದ್ದಾರೆ. ವಾಡಿ, ಸೇಡಂ, ಮಳಖೇಡದ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಅದು ಬೇಕೇ ಬೇಕು. ಅಂಗಡಿಯಲ್ಲಿ ಸಿಗುವ ಪಿಪಿಸಿ ಸಿಮೆಂಟಿನಲ್ಲಿ ಕಾಲು ಭಾಗದ ಆಸುಪಾಸು ಹಾರುಬೂದಿಯೇ ಇರುತ್ತದೆ. ಯಾರಿಗೂ ಬೇಡವಾದದ್ದು ನೀರು ಕಲಸಿ ಹೊಂಡಕ್ಕೆ ಬಿಟ್ಟ ಬೂದಿ. ಮಳೆಗಾಲದಲ್ಲಿ ಅದು ಕೆರೆಯ ಹಾಗೆ ಕಾಣುತ್ತದೆ, ಕೊಕ್ಕರೆಗಳೂ ಮೋಸಹೋಗಿ ಇಳಿಯುತ್ತವೆ. ಶಿವರಾತ್ರಿ ಕಳೆದು ಮೇಲಿನ ಪದರ ಒಣಗಿ ಗಾಳಿ ಎದ್ದರೆ ನಮ್ಮ ಊರೇ ಕಾಣುವುದಿಲ್ಲ.

ಆ ಪೋರ್ಟಲ್ಲನ್ನು ನನ್ನ ಮಗಳು ಮೊಬೈಲಿನಲ್ಲಿ ತೆಗೆದು ತೋರಿಸಲು ನೋಡಿದಳು. ಇಂಗ್ಲಿಷು, ಕೋಷ್ಟಕ, ಒಳಗೊಂದು ಕೋಷ್ಟಕ. ಬಿಎಸ್ಸಿ ಓದುವ ಹುಡುಗಿ ಅರ್ಧ ತಾಸಿನ ನಂತರ ಮೊಬೈಲ್ ಕೆಳಗಿಟ್ಟಳು. ನಾವು ಕೇಳುವುದು ಹೊಸ ಲೆಕ್ಕವನ್ನಲ್ಲ. ಅಲ್ಲಿಗೆ ಏರಿಸುವ ಅದೇ ನಾಲ್ಕು ಅಂಕಿಗಳನ್ನು, ಈ ತಿಂಗಳು ಸುಟ್ಟ ಕಲ್ಲಿದ್ದಲು ಇಷ್ಟು, ಹುಟ್ಟಿದ ಬೂದಿ ಇಷ್ಟು, ಒಣದಾಗಿ ಎತ್ತಿದ್ದು ಇಷ್ಟು, ಹೊಂಡಕ್ಕೆ ಬಿಟ್ಟದ್ದು ಇಷ್ಟು ಎಂದು ಸುತ್ತಲಿನ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ. ನರೇಗಾ ಕೂಲಿಯ ಲೆಕ್ಕವನ್ನು ಅದೇ ಗೋಡೆಯ ಮೇಲೆ ಬರೆಸಿದ್ದುಂಟು. ಒಂದು ಡಬ್ಬಿ ಬಣ್ಣ ಸಾಕು.

ಹಾಗೆಯೇ ಚಿಮಣಿಯಲ್ಲಿ ದಿನದ ಇಪ್ಪತ್ನಾಲ್ಕು ತಾಸೂ ಹೊಗೆ ಅಳೆಯುವ ಯಂತ್ರ ಕೂತಿದೆ. ಅದರ ಅಂಕಿ ನಿಯಂತ್ರಕರಿಗೆ ಹೋಗುತ್ತದೆ. ಗೇಟಿನ ಹೊರಗೆ, ಬಸ್ ನಿಲ್ಲುವ ಕಡೆ, ನಾಲ್ಕಡಿಯ ಬೋರ್ಡಿನಲ್ಲಿ ಅದೇ ಅಂಕಿಯನ್ನು ಬೆಳಗಿಸಿ, ಪಕ್ಕದಲ್ಲಿ ಮಿತಿ ಎಷ್ಟು ಎಂದೂ ಬರೆಯಿರಿ. ಘಟಕ ಹಚ್ಚುವ ಮೊದಲು ಊರಿಗೆ ಒಂದು ಮಾತು ತಿಳಿಸುವ ಪದ್ಧತಿ ಮಾಡಿ. ಡಂಗುರ ಸಾರಿದರೂ ಆದೀತು, ವಾಟ್ಸಾಪಾದರೂ ಆದೀತು. ನಾಳೆ ಬೆಳಗಿನ ಜಾವ ಘಟಕ ಹಚ್ಚುತ್ತಾರೆ ಎಂದು ಗೊತ್ತಿದ್ದರೆ ಹೆಣ್ಣುಮಕ್ಕಳು ಕಣದಲ್ಲಿ ಹರವಿದ ಮೆಣಸಿನಕಾಯಿ ಮೇಲೆ ತಾಡಪಾಲು ಎಳೆಯುತ್ತಾರೆ, ಹತ್ತಿ ಬಿಡಿಸುವ ಆಳನ್ನು ಒಂದು ದಿನ ಮುಂದೆ ಹಾಕುತ್ತೇವೆ. ಘಟಕ ಎಷ್ಟೊತ್ತಿಗೆ ಹಚ್ಚಬೇಕೆಂದು ಬೆಂಗಳೂರಿಗೆ ಹಿಂದಿನ ದಿನವೇ ಗೊತ್ತಿರುತ್ತದೆ. ಮೂರು ಕಿಲೋಮೀಟರ್ ದೂರದ ನಮಗೆ ಗೊತ್ತಾಗುವುದು ಹೊಗೆ ನೋಡಿದ ಮೇಲೆ.

ಈಗ ದೊಡ್ಡ ದುಡ್ಡಿನ ಮಾತು. 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸ್ಥಾವರಗಳ ಹೊಗೆಗೆ ಮಿತಿ ಹಾಕಿತು. ಗಂಧಕದ ಅನಿಲ ತೊಳೆಯುವ ಎಫ್‌ಜಿಡಿ ಯಂತ್ರ ಹಾಕಿಸಬೇಕೆಂಬ ಗಡುವು ಮುಂದೆ ಮುಂದೆ ಹೋಗಿ, 2025ರ ಜುಲೈನಲ್ಲಿ ಮಹಾನಗರಗಳ ಮಗ್ಗುಲಲ್ಲಿರುವವು, ತೀವ್ರ ಮಾಲಿನ್ಯದ ಪಟ್ಟಿಯಲ್ಲಿರುವ ಪ್ರದೇಶದವು ಬಿಟ್ಟು ದೇಶದ ಬಹುಪಾಲು ಸ್ಥಾವರಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಎಂಬುದು ಕೊಟ್ಟ ಕಾರಣ. ಅದನ್ನು ಒಪ್ಪದ ತಜ್ಞರಿದ್ದಾರೆ. ನಾನು ತಜ್ಞನಲ್ಲ, ಗಂಧಕ ಕಡಿಮೆ ಎಂಬುದನ್ನು ಒಪ್ಪಿಕೊಂಡೇ ಕೇಳುತ್ತೇನೆ: ಗಂಧಕ ಕಡಿಮೆ ಎಂದು ಉಳಿದ ದುಡ್ಡನ್ನು ಬೂದಿ ಹೆಚ್ಚು ಎಂಬ ಕಾರಣಕ್ಕೆ ಖರ್ಚು ಮಾಡಬಾರದೇಕೆ? 2015ರ ಅದೇ ನಿಯಮದಲ್ಲಿ 2017ರಿಂದ ಈಚಿನ ಘಟಕಗಳು ಒಂದು ಘನಮೀಟರ್ ಹೊಗೆಯಲ್ಲಿ 30 ಮಿಲಿಗ್ರಾಂ ಬೂದಿ ಬಿಡಬಹುದು, 2004ಕ್ಕಿಂತ ಹಿಂದಿನವು 100 ಮಿಲಿಗ್ರಾಂ. ಹಳೆಯ ಘಟಕದ ಪಕ್ಕದಲ್ಲಿ ಹುಟ್ಟಿದವರ ಶ್ವಾಸಕೋಶವೇನೂ ಮೂರು ಪಟ್ಟು ದೊಡ್ಡದಿಲ್ಲ. ಹಳೆಯ ಘಟಕಗಳನ್ನು ಇನ್ನೂ ಹತ್ತು ವರ್ಷ ಓಡಿಸುವುದು ಖಚಿತವಾದರೆ ಅವುಗಳ ಇಎಸ್‌ಪಿಗೆ ಹೊಸ ಸಾಲುಗಳನ್ನು ಕೂಡಿಸಿ, ಹಾಪರುಗಳ ಹೀಟರು ರಿಪೇರಿ ಮಾಡಿಸಿ, ಸಾಲು ಟ್ರಿಪ್ಪಾದರೆ ಇಂತಿಷ್ಟು ತಾಸಿನೊಳಗೆ ಲೋಡ್ ಇಳಿಸಲೇಬೇಕೆಂದು ಆದೇಶ ಮಾಡಿ. ಓಡಿಸುವುದಿಲ್ಲ ಎಂದಾದರೆ ತಾರೀಖು ಹೇಳಿ. ಎರಡೂ ಹೇಳದೆ ‘ಪರಿಶೀಲನೆಯಲ್ಲಿದೆ’ ಎಂದರೆ ಅಲ್ಲಿ ದುಡಿಯುವ ಗುತ್ತಿಗೆಯವರಿಗೂ ನೆಮ್ಮದಿಯಿಲ್ಲ, ನಮಗೂ ಇಲ್ಲ. ಅವರ ಎದೆಯ ಎಕ್ಸ್‌ರೇ ವರ್ಷಕ್ಕೊಮ್ಮೆ ತೆಗೆಯುತ್ತಾರೆ. ಫಲಿತಾಂಶ ಅವರ ಕೈಗೇ ಬರಲಿ ಎಂಬುದು ಇನ್ನೊಂದು ಕೋರಿಕೆ. ನನ್ನ ಹನ್ನೊಂದು ಎಕ್ಸ್‌ರೇಗಳಲ್ಲಿ ಒಂದನ್ನೂ ನಾನು ನೋಡಿಲ್ಲ.

ಕೊನೆಯದು ಪರಿಹಾರ. ಪೈಪ್ ಒಡೆದು ಬೂದಿನೀರು ಹೊಲಕ್ಕೆ ನುಗ್ಗಿದರೆ ಪಂಚನಾಮೆ ಆಗುತ್ತದೆ, ಏನೋ ಒಂದಿಷ್ಟು ಬರುತ್ತದೆ. ಗಾಳಿಯಲ್ಲಿ ಬಂದು ಕೂಡುವ ಬೂದಿಗೆ ಪಂಚನಾಮೆ ಮಾಡುವವರಿಲ್ಲ. ಪಾವಗಡದಲ್ಲಿ ಸೋಲಾರ್ ತಟ್ಟೆ ಹಾಕಲು ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೇಣಿ ಎಂದು ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಜಮೀನು ಅವರ ಹೆಸರಿನಲ್ಲೇ ಇದೆ. ಒಳ್ಳೆಯ ಏರ್ಪಾಡು, ಮಾಡಿದವರಿಗೆ ಶರಣು. ಆದರೆ ಬಿಸಿಲು ಬೀಳುವ ಹೊಲಕ್ಕೆ ಗೇಣಿ ಕೊಡುವ ಇಲಾಖೆ ಬೂದಿ ಬೀಳುವ ಹೊಲಕ್ಕೂ ಏನಾದರೂ ಕೊಡಬೇಕಲ್ಲವೇ? ಎರಡೂ ಕರೆಂಟಿಗಾಗಿ ಬಿಟ್ಟುಕೊಟ್ಟ ನೆಲವೇ. ಸ್ಥಾವರದ ಸುತ್ತ ಐದು ಕಿಲೋಮೀಟರಿನೊಳಗೆ ಹತ್ತು ಕಡೆ ಧೂಳಿನ ಜಾಡಿಗಳನ್ನು ಇಡಿಸಿ, ತಿಂಗಳಿಗೊಮ್ಮೆ ಕೃಷಿ ವಿಶ್ವವಿದ್ಯಾಲಯದವರಿಂದ ತೂಗಿಸಿ, ಬಿದ್ದ ತೂಕಕ್ಕೆ ತಕ್ಕಂತೆ ಎಕರೆಗೆ ದರ ಕಟ್ಟಿ. ಯೂನಿಟ್ಟಿನ ದರದಲ್ಲಿ ಅದು ಪೈಸೆಯ ಲೆಕ್ಕದಲ್ಲೂ ಕಾಣಿಸಲಿಕ್ಕಿಲ್ಲ. ನನ್ನ 350 ರೂಪಾಯಿಯಲ್ಲಿ ಕಾಣಿಸುತ್ತದೆ.

ಈ ಪತ್ರ ತಮಗೆ ತಲುಪುವ ಹೊತ್ತಿಗೆ ಹತ್ತಿ ಬಿತ್ತನೆ ಮುಗಿದಿರುತ್ತದೆ. ತಗಡನ್ನು ಮಾಳಿಗೆಯಿಂದ ಇಳಿಸಿಲ್ಲ. ಈಗ ಊರಲ್ಲಿ ಇನ್ನೂ ಆರು ಮನೆಯವರು ಅದೇ ಅಳತೆಯ ತಗಡು ಮಾಡಿಸಿಕೊಂಡು ಇಟ್ಟಿದ್ದಾರೆ. ಒಂದು ಶಾಲೆಯ ಮೇಲಿದೆ, ಬಿಸಿಯೂಟದ ಅಕ್ಕ ಅದನ್ನು ನೋಡಿಕೊಳ್ಳುತ್ತಾರೆ. ಪುಡಿಕೆಗಳ ಮೇಲೆ ತಾರೀಖು ಬರೆದು ಟ್ರಂಕಿನಲ್ಲಿ ಇಡುತ್ತಿದ್ದೇವೆ, ಅರ್ಜಿಗಳ ಸ್ವೀಕೃತಿ ಚೀಟಿಗಳ ಪಕ್ಕದಲ್ಲೇ. ತಾವು ಈ ಕಡೆ ಬಂದಾಗ ತೋರಿಸುತ್ತೇವೆ. ತಕ್ಕಡಿ ತಾವೇ ತಂದರೂ ಆಗಬಹುದು.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಬೂದಿ ವಿಭಾಗದ ಒಬ್ಬ ಮಾಜಿ ಗುತ್ತಿಗೆ ಕಾರ್ಮಿಕ, ಈಗ ಹತ್ತಿ ಬೆಳೆಗಾರ